ನೆರಳಿನಲ್ಲಿ ಉಳಿದ ಸಂಪತ್ತು: ಪಾಲಿಬೆಟ್ಟದ ಇತಿಹಾಸ ಗೃಹಸ್ಥನಿಗೆ ಕಲಿಸುವ ಪಾಠ

ಧರ್ಮ, ಅರ್ಥ, ಕಾಮ, ಮೋಕ್ಷಗಳೆಂಬ ಚತುರ್ವಿಧ ಪುರುಷಾರ್ಥಗಳಲ್ಲಿ ಅರ್ಥಕ್ಕೆ ಎರಡನೆಯ ಸ್ಥಾನ. ಧರ್ಮದ ಅನಂತರ, ಕಾಮಕ್ಕಿಂತ ಮೊದಲು ಅದನ್ನು ಇರಿಸಿರುವುದರಲ್ಲಿಯೇ ಅದರ ಮರ್ಯಾದೆಯೂ ಮಿತಿಯೂ ಸೂಚಿತವಾಗಿವೆ. ಮುನಿಗಳಿಗೆ ಪರಿಗ್ರಹದ ಸರ್ವತ್ಯಾಗವನ್ನು ವಿಧಿಸಿದ ಜೈನಾಚಾರ್ಯರು ಗೃಹಸ್ಥನಿಗೆ ಪರಿಗ್ರಹದ ಪರಿಮಾಣವನ್ನು ಮಾತ್ರ ವಿಧಿಸಿದರು. ಗಳಿಸಬೇಡವೆಂದು ಅವರು ಹೇಳಲಿಲ್ಲ; ಎಷ್ಟು, ಹೇಗೆ, ಯಾರ ಕಷ್ಟದ ಮೇಲೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಂಡು ಗಳಿಸು ಎಂದರು.

ಹತ್ತನೆಯ ಶತಮಾನದಲ್ಲಿ ‘ಯಶಸ್ತಿಲಕ’ ಮಹಾಕಾವ್ಯವನ್ನು ಕ್ರಿ.ಶ. 959ರಲ್ಲಿ ಪೂರ್ಣಗೊಳಿಸಿದ ಸೋಮದೇವ ಸೂರಿಗಳು ‘ನೀತಿವಾಕ್ಯಾಮೃತ’ವೆಂಬ ಗ್ರಂಥದಲ್ಲಿ ಅರ್ಥದ ವಿಷಯವಾಗಿ ಮೂರು ಮೆಟ್ಟಿಲುಗಳನ್ನು ಹೇಳಿದ್ದಾರೆ. ದೊರೆಯದುದನ್ನು ದೊರಕಿಸಿಕೊಳ್ಳುವುದು ಮೊದಲನೆಯದು. ದೊರೆತುದನ್ನು ರಕ್ಷಿಸುವುದು ಎರಡನೆಯದು. ರಕ್ಷಿಸಿದುದನ್ನು ವೃದ್ಧಿಗೊಳಿಸುವುದು ಮೂರನೆಯದು. ಸಂಪತ್ತನ್ನು ಹಾಳುಮಾಡಿಕೊಳ್ಳುವವರನ್ನೂ ಅವರು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಕೈಗೆ ಬಂದುದನ್ನು ಹಿಂದುಮುಂದು ನೋಡದೆ ವ್ಯಯಿಸುವವನು ತಾದಾತ್ವಿಕ. ಹಿರಿಯರು ಬಿಟ್ಟುಹೋದ ಮೂಲವನ್ನೇ ತಿಂದು ತೀರಿಸುವವನು ಮೂಲಹರ. ಆಳುಗಳನ್ನೂ ತನ್ನನ್ನೂ ಪೀಡಿಸಿ ಧನವನ್ನು ರಾಶಿ ಹಾಕುವವನು ಕದರ್ಯ. ಜಿಪುಣನನ್ನೂ ದುಂದುಗಾರನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿರುವುದು ಇಲ್ಲಿಯ ವಿಶೇಷ.

ಈ ಮೂರು ಮೆಟ್ಟಿಲುಗಳಲ್ಲಿ ಮೊದಲನೆಯದಕ್ಕೂ ಮೂರನೆಯದಕ್ಕೂ ದೊರೆಯುವ ಗಮನ ನಡುವಣ ಮೆಟ್ಟಿಲಿಗೆ ದೊರೆಯುವುದಿಲ್ಲ. ಗಳಿಸಿದವರ ಕಥೆಯನ್ನು ಲೋಕ ಆದರದಿಂದ ಹೇಳುತ್ತದೆ. ಉಳಿಸಿಕೊಂಡವರ ಕಥೆಯನ್ನು ಕೇಳುವವರು ವಿರಳ. ಗಳಿಕೆ, ರಕ್ಷಣೆ, ವೃದ್ಧಿಗಳ ಸಂಬಂಧವನ್ನು ಕಣ್ಣಾರೆ ಕಂಡಂತೆ ತೋರಿಸುವ ಇತಿಹಾಸವೊಂದು ಕೊಡಗಿನ ದಕ್ಷಿಣಭಾಗದಲ್ಲಿ, ವಿರಾಜಪೇಟೆ ತಾಲ್ಲೂಕಿನ ಪಾಲಿಬೆಟ್ಟವೆಂಬ ಚಿಕ್ಕ ಊರಿನ ಸುತ್ತ ಹರಡಿಕೊಂಡಿದೆ.

ಕಲ್ಲಿನ ಮೇಲಿನ ಸಾಕ್ಷ್ಯ

ಕಾಫಿ ಬರುವುದಕ್ಕೆ ಸಾವಿರ ವರ್ಷ ಮೊದಲೇ ದಕ್ಷಿಣ ಕೊಡಗಿನ ನೆಲದಲ್ಲಿ ಆಸ್ತಿರಕ್ಷಣೆಯ ಪಾಠಗಳು ಕಲ್ಲಿನ ಮೇಲೆ ಬರೆಯಲ್ಪಟ್ಟಿದ್ದವು. ಕಿಗ್ಗಟ್ಟುನಾಡಿನ ಬಿಳಿಯೂರಿನಲ್ಲಿ ದೊರೆತ ಶಕವರ್ಷ 809ರ, ಎಂದರೆ ಕ್ರಿ.ಶ. 887ರ ಸುಮಾರಿನ ಗಂಗರ ಶಾಸನವು ಪೆನ್ನೆಕಡಂಗದ ಸತ್ಯವಾಕ್ಯ ಜಿನಾಲಯಕ್ಕಾಗಿ ಶಿವನಂದಿ ಸಿದ್ಧಾಂತ ಭಟಾರರ ಶಿಷ್ಯರಾದ ಸರ್ವನಂದಿದೇವರಿಗೆ ಬಿಳಿಯೂರಿನ ಹನ್ನೆರಡು ಹಳ್ಳಿಗಳನ್ನು ದತ್ತಿಯಾಗಿ ಕೊಟ್ಟುದನ್ನು ತಿಳಿಸುತ್ತದೆ. ಅದೇ ನಾಡಿನ ಪೆಗ್ಗೂರಿನ ಶಾಸನ ಶಕವರ್ಷ 899ರದು. ಗಂಗ ರಾಚಮಲ್ಲನ ತಮ್ಮನಾದ ರಕ್ಕಸನ ಆಳಿಕೆಯಲ್ಲಿ ಶ್ರವಣಬೆಳಗೊಳದ ಅನಂತವೀರ್ಯಯ್ಯನವರಿಗೆ ಆ ಊರು ದತ್ತಿಯಾಗಿ ಸಂದಿತು. ಚಾವುಂಡರಾಯನು ವಿಂಧ್ಯಗಿರಿಯ ಮೇಲೆ ಗೊಮ್ಮಟೇಶ್ವರನನ್ನು ನಿಲ್ಲಿಸಿದ ಕಾಲದ ಆಸುಪಾಸಿನ ಮಾತಿದು.

ಈ ಶಾಸನಗಳನ್ನು ಧರ್ಮಾಭಿಮಾನದಿಂದ ಓದುವವರು ಹಲವರು. ಲೆಕ್ಕಿಗನ ಕಣ್ಣಿನಿಂದಲೂ ಅವನ್ನು ಓದಬೇಕು. ಕೊಟ್ಟವರಾರು, ಪಡೆದವರಾರು, ಯಾವ ವರ್ಷ, ಯಾವ ತಿಥಿ, ಯಾವ ಊರು ಎಂಬುದೆಲ್ಲ ಅಲ್ಲಿ ಸ್ಪಷ್ಟವಾಗಿದೆ. ಬಿಳಿಯೂರಿನ ಶಾಸನವು ನಾಡಿನ ಪ್ರಮುಖರನ್ನು ಸಾಕ್ಷಿಗಳನ್ನಾಗಿಯೂ ಧರ್ಮದ ರಕ್ಷಕರನ್ನಾಗಿಯೂ ಹೆಸರಿಸುತ್ತದೆ. ದಾನ ಕೊಟ್ಟವನ ಕೈಯಿಂದ ಹೊರಟ ಆಸ್ತಿಯು ಪಡೆದವನೊಬ್ಬನ ಕೈಯಲ್ಲಿ ಅಡಗಿಹೋಗದೆ, ಹತ್ತು ಜನರ ಕಣ್ಣಿನ ಮುಂದೆ ನಿಂತಿತು.

ಉತ್ತರ ಕೊಡಗಿನ ಮುಳ್ಳೂರಿನಲ್ಲಿ ಹನ್ನೊಂದನೆಯ ಶತಮಾನದ ಕೊಂಗಾಳ್ವರು ಬಸದಿಗಳಿಗೆ ಆಶ್ರಯವಿತ್ತರು. ರಾಜೇಂದ್ರ ಕೊಂಗಾಳ್ವನ ತಾಯಿ ಪೋಚಬ್ಬರಸಿ ಬಸದಿಗೆ ಭಕ್ತಿಯಿಂದ ನಡೆದುಕೊಂಡವಳು. ಗುಣಸೇನ ಪಂಡಿತರು ಆ ಮನೆತನದ ಗುರುಗಳು. ಪಾರ್ಶ್ವನಾಥ, ಶಾಂತಿನಾಥ, ಚಂದ್ರನಾಥ ಬಸದಿಗಳು ಅಲ್ಲಿ ಇಂದಿಗೂ ನಿಂತಿವೆ. ದತ್ತಿ ಕೊಟ್ಟ ಅರಸುಮನೆತನದ ರಾಜ್ಯವಾಗಲಿ ಬೊಕ್ಕಸವಾಗಲಿ ಉಳಿಯಲಿಲ್ಲ. ಅವರು ಸಮಾಜದ ವಶಕ್ಕೆ ಒಪ್ಪಿಸಿ ಬರಹದಲ್ಲಿ ಇರಿಸಿದ್ದು ಮಾತ್ರ ಉಳಿದಿದೆ.

ಬಿದಿರು ನಾಡಿಗೆ ಬಂದ ಕಾಫಿ

1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡರು. 1854ರಲ್ಲಿ ಫೌಲರ್ ಎಂಬ ಐರೋಪ್ಯನು ಮಡಿಕೇರಿಯ ಬಳಿ ಕಾಫಿ ತೋಟವನ್ನು ತೆರೆದನು. ಕೊಡಗಿನಲ್ಲಿ ತೋಟ ಮಾಡಿದ ಮೊದಲ ಐರೋಪ್ಯನೆಂದು ಅವನನ್ನು ಹೇಳುತ್ತಾರೆ. ಅವನ ತೋಟ ಫಲಕೊಟ್ಟಿತೆಂಬ ಸುದ್ದಿ ಹರಡಿದೊಡನೆ ಬಂಡವಾಳವುಳ್ಳವರೂ, ಇಲ್ಲದವರೂ, ಸಾಲ ಮಾಡಿದವರೂ ಕೊಡಗಿನ ಬೆಟ್ಟಗಳನ್ನು ಹತ್ತಿದರು. ಹತ್ತು ಹದಿನೈದು ವರ್ಷಗಳೊಳಗೆ ಘಟ್ಟದ ಇಳಿಜಾರುಗಳಲ್ಲಿ ಕಾಡು ಬಿದ್ದು ಕಾಫಿ ಎದ್ದಿತು.

ಆಗಿನ ತೋಟಗಾರರು ಅನುಸರಿಸಿದ್ದು ಸಿಂಹಳದ ಪದ್ಧತಿ. ಕಾಡನ್ನು ಬುಡಸಹಿತ ಕಡಿದು, ಒಣಗಿದ ಮೇಲೆ ಸುಟ್ಟು, ಬೂದಿಯ ಮೇಲೆ ಸಾಲುಗಟ್ಟಿ ಗಿಡ ನೆಡುವುದು ಆ ಕ್ರಮ. ಸುಟ್ಟ ಕಾಡಿನ ಬೂದಿಯಿಂದಲೂ ಶತಮಾನಗಳ ಎಲೆಗೊಬ್ಬರದಿಂದಲೂ ಮೊದಲ ಕೆಲವು ವರ್ಷ ಬೆಳೆ ಅದ್ಭುತವಾಗಿ ಬರುತ್ತಿತ್ತು. ಅದನ್ನು ಅವರು ಲಾಭವೆಂದು ಬರೆದುಕೊಂಡರು. ವಾಸ್ತವವಾಗಿ ಅದು ಲಾಭವಾಗಿರಲಿಲ್ಲ. ನೆಲದ ಮೂಲಧನವೇ ಕರಗಿ ಫಸಲಿನ ರೂಪದಲ್ಲಿ ಹೊರಬರುತ್ತಿತ್ತು. ಸೋಮದೇವ ಸೂರಿಗಳ ಮಾತಿನಲ್ಲಿ ಹೇಳುವುದಾದರೆ ಅವರು ಮೂಲಹರರಾಗಿದ್ದರು, ಆದರೆ ಜಮಾಖರ್ಚಿನ ಪುಸ್ತಕ ಅವರಿಗೆ ಅದನ್ನು ತಿಳಿಸಲಿಲ್ಲ.

1865-66ರ ಸುಮಾರಿಗೆ ಪುಸ್ತಕಕ್ಕೆ ತಿಳಿಯದಿದ್ದುದನ್ನು ಒಂದು ಹುಳು ತಿಳಿಸಿತು. ಬಿಳಿ ಕಾಂಡಕೊರಕವೆಂದು ಈಗ ಕರೆಯುವ ಆ ದುಂಬಿ, ಬಿಸಿಲಿಗೆ ಬಿದ್ದ ಕಾಫಿಗಿಡದ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ಕಾಂಡದೊಳಗೆ ಸುರಂಗ ಕೊರೆಯುತ್ತದೆ. ಹೊರಗಿನಿಂದ ನೋಡುವವನಿಗೆ ಗಿಡ ಚೆನ್ನಾಗಿಯೇ ಕಾಣುತ್ತದೆ. ಎಲೆ ಹಳದಿಯಾಗಿ ಬಾಡುವ ಹೊತ್ತಿಗೆ ಒಳಗೆಲ್ಲ ಟೊಳ್ಳಾಗಿರುತ್ತದೆ. ಮಳೆ ಕಡಿಮೆಯಾದ ವರ್ಷಗಳಲ್ಲಿ ಈ ಹಾವಳಿ ಮಿತಿಮೀರಿ, ತೋಟಕ್ಕೆ ತೋಟವೇ ನಾಶವಾಯಿತು. ಮದ್ರಾಸಿನ ವೈದ್ಯಾಧಿಕಾರಿ ಡಾ. ಜಾರ್ಜ್ ಬಿಡೀ ಇದರ ವಿಚಾರಣೆ ನಡೆಸಿ ಸರ್ಕಾರಕ್ಕೆ ವರದಿ ಸಲ್ಲಿಸಿದರು. ನೆರಳಿಲ್ಲದ ತೋಟಗಳಲ್ಲಿ ಹುಳುವಿನ ಉಪದ್ರವ ಹೆಚ್ಚೆಂದೂ, ನೆರಳನ್ನು ಉಳಿಸಿಕೊಳ್ಳಬೇಕೆಂದೂ ಅವರ ಸಲಹೆಯಾಗಿತ್ತು.

ಪಾಲಿಬೆಟ್ಟದ ಪಾತ್ರ ಇಲ್ಲಿ ಆರಂಭವಾಗುತ್ತದೆ. ಮಡಿಕೇರಿಯ ಘಟ್ಟಸಾಲಿನಿಂದ ಪೂರ್ವಕ್ಕೆ ಸರಿದ ಸಿದ್ದಾಪುರ, ಪಾಲಿಬೆಟ್ಟ, ಅಮ್ಮತ್ತಿಗಳ ಸುತ್ತಣ ಪ್ರದೇಶದಲ್ಲಿ ಬಿದಿರು ಮೆಳೆಗಳು ದಟ್ಟವಾಗಿದ್ದವು. ತೋಟಗಾರರು ಅದನ್ನು ಬಿದಿರು ಸೀಮೆಯೆಂದೇ ಕರೆದರು. ಪಾಲಿಬೆಟ್ಟದ ಬ್ಯಾಂಬೂ ಕ್ಲಬ್ಬಿನ ಹೆಸರಿನಲ್ಲಿ ಆ ನೆನಪು ಉಳಿದುಬಂದಿದೆ. ಅಲ್ಲಿ ಮಳೆ ಘಟ್ಟಕ್ಕಿಂತ ಕಡಿಮೆ, ಬೇಸಿಗೆಯ ಬಿಸಿಲು ಕಠಿಣ. ಆದ್ದರಿಂದ ಬಿದಿರನ್ನು ತೆಗೆದು ದೊಡ್ಡ ಮರಗಳನ್ನು ಉಳಿಸಿಕೊಂಡು, ಬೋಳಾದ ಕಡೆ ಹೊಸ ಮರಗಳನ್ನು ನೆಟ್ಟು, ಅವುಗಳ ಕೆಳಗೆ ಕಾಫಿ ಬೆಳೆಸುವ ಕ್ರಮ ಇಲ್ಲಿ ಬೇರೂರಿತು. ಅತ್ತಿ, ಬಸರಿ, ಹಲಸು, ಬೀಟೆ, ನಂದಿ ಮುಂತಾದ ಮರಗಳು ಕಾಫಿಯ ಛತ್ರಿಗಳಾದವು.

ನೆರಳಿನಲ್ಲಿ ಬೆಳೆದ ಗಿಡ ಮೊದಲ ವರ್ಷಗಳಲ್ಲಿ ಬಿಸಿಲಿನ ಗಿಡದಷ್ಟು ಹಣ್ಣು ಬಿಡುವುದಿಲ್ಲ. ಎಕರೆಯೊಂದರಲ್ಲಿ ಮರಗಳಿಗೂ ಜಾಗ ಬಿಡಬೇಕು. ಉದುರಿದ ಎಲೆ ಮಣ್ಣಾಗುವವರೆಗೆ ಕಾಯಬೇಕು. ಲೆಕ್ಕವನ್ನು ಒಂದು ವರ್ಷಕ್ಕೆ ಹಾಕಿದರೆ ನೆರಳು ನಷ್ಟವೇ. ಮೂವತ್ತು ವರ್ಷಕ್ಕೆ ಹಾಕಿದರೆ ಅದೇ ಲಾಭ. ಘಟ್ಟದ ಇಳಿಜಾರಿನಲ್ಲಿ ಬೋಳುಮಾಡಿ ನೆಟ್ಟ ಹಲವು ತೋಟಗಳು ಮಣ್ಣು ಕೊಚ್ಚಿಹೋಗಿ, ಹುಳು ಹತ್ತಿ ಪಾಳುಬಿದ್ದವು. ಬಿದಿರು ಸೀಮೆ ಕೊಡಗಿನ ಕಾಫಿಯ ಮುಖ್ಯ ನೆಲೆಯಾಯಿತು.

ಕಾಡು ಕಡಿದು ಮಾಡುವ ವನಕರ್ಮವನ್ನೂ, ಸುಟ್ಟು ಮಾಡುವ ಅಂಗಾರಕರ್ಮವನ್ನೂ ಶ್ರಾವಕಾಚಾರ ಗ್ರಂಥಗಳು ಗೃಹಸ್ಥನು ವರ್ಜಿಸಬೇಕಾದ ಹದಿನೈದು ಖರಕರ್ಮಗಳಲ್ಲಿ ಎಣಿಸಿವೆ. ಜೀವಹಿಂಸೆಯ ದೃಷ್ಟಿಯಿಂದ ಹೇಳಿದ ಮಾತದು. ಆದರೆ ಕೊಡಗಿನ ಬೆಟ್ಟಗಳಲ್ಲಿ, ಜೀವಿಗಳಿಗೆ ಹೆಚ್ಚು ಹಿಂಸೆಯಾದ ದಾರಿಯೇ ಬಂಡವಾಳಕ್ಕೂ ಹೆಚ್ಚು ಅಪಾಯದ ದಾರಿಯಾಯಿತೆಂಬುದನ್ನು ಗಮನಿಸಬೇಕು.

ಸಿಂಹಳದ ದಿವಾಳಿ

ಕೊಡಗಿಗೆ ಮೇಲ್ಪಂಕ್ತಿಯಾಗಿದ್ದ ಸಿಂಹಳದಲ್ಲಿ ಏನಾಯಿತೆಂಬುದನ್ನೂ ಇಲ್ಲಿ ನೋಡಬೇಕು. 1869ರಲ್ಲಿ ಅಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡಿತು. ಆರಂಭದಲ್ಲಿ ಯಾರೂ ಅದನ್ನು ಲೆಕ್ಕಿಸಲಿಲ್ಲ. ಅಂದು ಕಾಫಿಯ ಬೆಲೆ ಏರುತ್ತಿತ್ತು. ಇಳುವರಿ ಇಳಿದರೂ ಬೆಲೆಯೇರಿಕೆಯಿಂದ ಹಣ ಸರಿದೂಗುತ್ತಿತ್ತು. ಆದ್ದರಿಂದ ರೋಗ ಬಂದ ಮೇಲೂ ಹೊಸ ಕಾಡು ಕಡಿದು ಹೊಸ ತೋಟ ಮಾಡುವುದು ನಿಲ್ಲಲಿಲ್ಲ. 1870ರ ದಶಕದ ಕೊನೆಗೆ ಎರಡೂವರೆ ಲಕ್ಷ ಎಕರೆಗೂ ಮಿಕ್ಕಿದ ಕಾಫಿ ಅಲ್ಲಿ ಹಬ್ಬಿತ್ತು. ಅನಂತರದ ಹತ್ತು ಹದಿನೈದು ವರ್ಷಗಳಲ್ಲಿ ಅದು ಬಹುಪಾಲು ಅಳಿಸಿಹೋಯಿತು. ತೋಟಗಳ ಮೇಲೆ ಸಾಲ ಕೊಟ್ಟಿದ್ದ ಓರಿಯಂಟಲ್ ಬ್ಯಾಂಕ್ ಕಾರ್ಪೊರೇಷನ್ 1884ರಲ್ಲಿ ಬಾಗಿಲು ಮುಚ್ಚಿತು. ಅದರಲ್ಲಿ ಠೇವಣಿಯಿಟ್ಟಿದ್ದವರಲ್ಲಿ ಕಾಫಿಗಿಡವನ್ನು ಕಣ್ಣಿನಿಂದ ಕಾಣದವರೂ ಇದ್ದರು.

ಇಡೀ ದ್ವೀಪ ಒಂದೇ ಬೆಳೆಯನ್ನು ನಂಬಿತ್ತು. ಆ ಬೆಳೆಗೆ ನೆರಳಿನ ರಕ್ಷಣೆ ಇರಲಿಲ್ಲ. ಆ ತೋಟಗಳನ್ನೇ ಅಡಮಾನವಿಟ್ಟು ಮತ್ತಷ್ಟು ತೋಟಗಳನ್ನು ಕೊಂಡಿದ್ದರು. ಹೀಗೆ ಬೆಳೆ, ನೆಲ, ಸಾಲ ಮೂರೂ ಒಂದೇ ಹಗ್ಗಕ್ಕೆ ಕಟ್ಟಲ್ಪಟ್ಟಿದ್ದವು. ಒಂದು ಜಾರಿದೊಡನೆ ಮೂರೂ ಜಾರಿದವು.

ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಪರಿಗ್ರಹ ಪರಿಮಾಣ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಾಹನ. ಶಕ್ತಿಮೀರಿ ದುಡಿಸಿಕೊಳ್ಳುವುದು, ಬೆಲೆಯೇರಲೆಂದು ಮಿತಿಮೀರಿ ಕೂಡಿಡುವುದು, ಪರರ ಲಾಭವನ್ನು ಕಂಡು ಬೆರಗಾಗಿ ಕೊರಗುವುದು, ಬಂದ ಲಾಭದಲ್ಲಿ ತೃಪ್ತಿಗಾಣದಿರುವುದು, ಹೊರಲಾರದ ಹೊರೆಯನ್ನು ಹೇರುವುದು. ಸಿಂಹಳದ ಕಥೆಯಲ್ಲಿ ನೆರೆಯವನ ಲಾಭಕ್ಕೆ ಬೆರಗಾದ ಅತಿವಿಸ್ಮಯವು ಅತಿಲೋಭಕ್ಕೆ ದಾರಿಮಾಡಿತು, ಲೋಭವು ಸಾಲದ ಅತಿಭಾರವನ್ನು ಹೊರಿಸಿತು. ಎತ್ತಿನ ಬೆನ್ನಿನ ಹೊರೆಗೆ ಹೇಳಿದ ಮಾತು ಮನೆತನದ ಬೆನ್ನಿನ ಸಾಲಕ್ಕೂ ಸಲ್ಲುತ್ತದೆ.

ದುಡಿದವರ ಋಣ

ಅತಿವಾಹನದ ಉದಾಹರಣೆಯನ್ನು ಹುಡುಕಿ ಸಿಂಹಳಕ್ಕೆ ಹೋಗಬೇಕಾಗಿಲ್ಲ. ಕೊಡಗಿನ ತೋಟಗಳಿಗೆ ಮೈಸೂರು ಸೀಮೆಯಿಂದ ಆಳುಗಳನ್ನು ಮೇಸ್ತ್ರಿಗಳ ಮೂಲಕ ಕರೆತರುತ್ತಿದ್ದರು. ಮುಂಗಡ ಹಣ ಕೊಟ್ಟು, ಅದು ತೀರುವವರೆಗೆ ಕೆಲಸಕ್ಕೆ ಹಿಡಿಯುವುದು ಪದ್ಧತಿ. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಶಿಕ್ಷಿಸಲು 1859ರ 13ನೆಯ ಕಾಯಿದೆ ಅವಕಾಶ ಕೊಟ್ಟಿತ್ತು. ಅದು 1925ರಲ್ಲಿ ರದ್ದಾಯಿತು. ಯರವ ಸಮುದಾಯದ ಜನರಂತೂ ಬಹುಕಾಲ ಜಮೀನಿನೊಡನೆ ಕೈಬದಲಾಗುವ ಸ್ಥಿತಿಯಲ್ಲಿದ್ದರು. 1843ರಲ್ಲಿ ಗುಲಾಮಗಿರಿಗೆ ಕಾನೂನಿನ ಮನ್ನಣೆ ತಪ್ಪಿದರೂ ಜೀತದ ನೆರಳು ಬೇಗ ಸರಿಯಲಿಲ್ಲ. ಜೀತಪದ್ಧತಿಯನ್ನು ನಿಷೇಧಿಸುವ ಕಾಯಿದೆ ಬಂದುದು 1976ರಲ್ಲಿ.

ಈ ಸಂಗತಿಯನ್ನು ಬಿಟ್ಟು ಕಾಫಿ ಸಂಪತ್ತಿನ ಇತಿಹಾಸವನ್ನು ಬರೆದರೆ ಅದು ಅರ್ಧಸತ್ಯವಾಗುತ್ತದೆ. ಹಿಂದಿನ ತೋಟಗಾರನ ಪುಸ್ತಕದಲ್ಲಿ ಕಾರ್ಮಿಕನ ಮುಂಗಡವು ಬರಬೇಕಾದ ಬಾಕಿಯೆಂದು ಬರೆಯಲ್ಪಡುತ್ತಿತ್ತು. ಧರ್ಮದ ಪುಸ್ತಕದಲ್ಲಿ ಅದೇ ಮೊತ್ತ ಕೊಡಬೇಕಾದ ಬಾಕಿಯ ಕಡೆಗೆ ಬರುತ್ತದೆ. 1951ರ ತೋಟ ಕಾರ್ಮಿಕ ಕಾಯಿದೆಯು ವಸತಿ, ಚಿಕಿತ್ಸೆ ಮೊದಲಾದವುಗಳ ಹೊಣೆಯನ್ನು ಮಾಲೀಕರಿಗೆ ವಹಿಸಿತು. ಇಂದು ಕೊಯ್ಲಿನ ತಿಂಗಳುಗಳಲ್ಲಿ ಆಳುಗಳ ಅಭಾವ ಕೊಡಗಿನ ಬೆಳೆಗಾರರ ದೊಡ್ಡ ಚಿಂತೆ. ಹಣ್ಣಾದ ಕಾಫಿ ಗಿಡದಲ್ಲಿಯೇ ಉದುರುವಾಗ, ಜನರ ವಿಶ್ವಾಸವೂ ಆಸ್ತಿಯೇ ಎಂಬುದು ಅರಿವಾಗುತ್ತದೆ. ಆ ಆಸ್ತಿಯನ್ನು ಕೊಯ್ಲಿನ ವಾರದಲ್ಲಿ ಕೊಂಡುಕೊಳ್ಳಲಾಗುವುದಿಲ್ಲ.

ಮಾರಲಾಗದ ಜಮೀನು

ಐರೋಪ್ಯರ ತೋಟಗಳು ಕೈಯಿಂದ ಕೈಗೆ ಹೋಗುತ್ತಿದ್ದ ಕಾಲದಲ್ಲಿ, ಅದೇ ನಾಡಿನ ಕೊಡವ ಒಕ್ಕಗಳ ಭೂಮಿ ಅಷ್ಟು ಸುಲಭವಾಗಿ ಅಲುಗಲಿಲ್ಲ. ಇದಕ್ಕೆ ಕಾರಣ ಜಮ್ಮಾ ಹಿಡುವಳಿ. ಅರಸರ ಕಾಲದಲ್ಲಿ ಸೇನಾಸೇವೆಗೆ ಪ್ರತಿಯಾಗಿ ವಂಶಪಾರಂಪರ್ಯವಾಗಿ ಕೊಟ್ಟ ಈ ಭೂಮಿಗೆ ಕಂದಾಯ ಸಾಮಾನ್ಯ ದರದ ಅರ್ಧ. ಒಕ್ಕದ ಎಲ್ಲರೂ ಸೇರಿ ಅನುಭವಿಸಬೇಕು. ಸರ್ಕಾರದ ಅಪ್ಪಣೆಯಿಲ್ಲದೆ ಪರಭಾರೆ ಮಾಡುವಂತಿರಲಿಲ್ಲ. ಗದ್ದೆಗೆ ಸೇರಿದ ಬಾಣೆಯಲ್ಲಿ ಸೌದೆ, ಸೊಪ್ಪು, ದನಗಳ ಮೇವು ದೊರೆಯುತ್ತಿದ್ದವು. ಕಾಲಕ್ರಮದಲ್ಲಿ ಬಾಣೆಯ ಮರಗಳ ಕೆಳಗೇ ಕಾಫಿ ಬಂದಿತು. ಅಕ್ಕಿ ಗದ್ದೆಯಿಂದ, ಹಣ ಕಾಫಿಯಿಂದ. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತಿತ್ತು.

ಮಾರಲಾಗದ ಆಸ್ತಿಯ ಮೇಲೆ ಸಾಹುಕಾರ ದೊಡ್ಡ ಸಾಲ ಕೊಡುವುದಿಲ್ಲ. ಅದನ್ನು ಅಂದಿನವರು ಅನನುಕೂಲವೆಂದು ಬಗೆದಿರಬಹುದು. ಆದರೆ ಒಬ್ಬನ ದುಶ್ಚಟಕ್ಕೆ ಅಥವಾ ದುಡುಕಿಗೆ ಮನೆತನದ ನೆಲ ಹರಾಜಾಗದಂತೆ ತಡೆದುದು ಆ ಅನನುಕೂಲವೇ. ಇದರಲ್ಲಿ ದೋಷವೂ ಇತ್ತು. ದಾಖಲೆ ಪಟ್ಟೇದಾರನ ಹೆಸರಿನಲ್ಲಿ ಇರುತ್ತಿದ್ದುದರಿಂದ, ಒಕ್ಕ ಬೆಳೆದು ಕವಲೊಡೆದಂತೆ ಯಾರ ಪಾಲು ಎಲ್ಲಿಯೆಂಬುದು ಬರಹದಲ್ಲಿ ಅಸ್ಪಷ್ಟವಾಗಿ, ವ್ಯಾಜ್ಯಗಳು ಹುಟ್ಟಿದವು. ಬೇಲಿಯಿದ್ದರೆ ಸಾಲದು, ಬೇಲಿಯೊಳಗಿನವರ ಹಕ್ಕಿನ ಬರಹವೂ ಬೇಕು. ಸಾವಿರ ವರ್ಷದ ಹಿಂದೆ ಬಿಳಿಯೂರಿನ ಕಲ್ಲು ಹೇಳಿದ್ದೂ ಇದನ್ನೇ.

ಕೂಡಿ ನಿಂತದ್ದು, ಬೇರೆಯಾದದ್ದು

ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಮಾರುಕಟ್ಟೆ ಮುಚ್ಚಿತು. ಕಾಫಿಯನ್ನು ಕೊಳ್ಳುವವರಿಲ್ಲದಾದಾಗ 1940ರಲ್ಲಿ ಸರ್ಕಾರ ಪೂಲ್ ಪದ್ಧತಿಯನ್ನು ತಂದಿತು. ಬೆಳೆಗಾರರೆಲ್ಲರೂ ತಮ್ಮ ಕಾಫಿಯನ್ನು ಒಂದೇ ರಾಶಿಗೆ ಒಪ್ಪಿಸಬೇಕು. ಕಾಫಿ ಮಂಡಳಿ ಅದನ್ನು ಮಾರಿ ಹಣವನ್ನು ಕಂತುಗಳಲ್ಲಿ ಹಂಚಬೇಕು. ಅದೇ ದಶಕದ 1943ರಲ್ಲಿ ಕೊಡಗಿನ ಹಲವು ಇಂಗ್ಲಿಷ್ ತೋಟಗಳು ಒಂದುಗೂಡಿ ಕನ್ಸಾಲಿಡೇಟೆಡ್ ಕಾಫಿ ಎಸ್ಟೇಟ್ಸ್ ಎಂಬ ಕಂಪನಿಯಾದವು. ಅದರ ಕೇಂದ್ರ ಪಾಲಿಬೆಟ್ಟ. 1990ರ ದಶಕದ ಆರಂಭದಲ್ಲಿ ಅದು ಟಾಟಾ ಸಮೂಹಕ್ಕೆ ಸೇರಿ, 2000ದಲ್ಲಿ ಟಾಟಾ ಕಾಫಿಯೆಂಬ ಹೆಸರು ಪಡೆಯಿತು. 2024ರ ಆರಂಭದಲ್ಲಿ ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್ ಸಮೂಹದಲ್ಲಿ ವಿಲೀನವಾಯಿತು. ಎಂಬತ್ತು ವರ್ಷಗಳಲ್ಲಿ ಫಲಕದ ಮೇಲಿನ ಹೆಸರು ಹಲವು ಬಾರಿ ಬದಲಾಯಿತು. ಒಂದು ತೋಟದಲ್ಲಿ ಹುಳು, ಇನ್ನೊಂದರಲ್ಲಿ ಬರ ಬಂದರೂ ಒಟ್ಟು ಮೊತ್ತ ನಿಲ್ಲುವಂತೆ ಅಪಾಯವನ್ನು ಹಂಚಿಕೊಂಡ ಏರ್ಪಾಡು ಮಾತ್ರ ಉಳಿಯಿತು.

ಪೂಲ್ ಪದ್ಧತಿ ಅರ್ಧ ಶತಮಾನ ನಡೆಯಿತು. ಬೆಲೆ ಕುಸಿದ ವರ್ಷಗಳಲ್ಲಿ ಅದು ಸಣ್ಣ ಬೆಳೆಗಾರನಿಗೆ ಆಸರೆಯಾಯಿತು. ಕೊನೆಯ ಕಂತು ಕೈಸೇರಲು ವರ್ಷಗಳೇ ಹಿಡಿದುದೂ ಉಂಟು. ಜೊತೆಗೆ, ಯಾವಾಗ ಮಾರಬೇಕು, ಎಷ್ಟು ಉಳಿಸಿಕೊಳ್ಳಬೇಕೆಂಬ ವಿವೇಚನೆ ಬೆಳೆಗಾರನಿಗೆ ಬೇಕಾಗಲೇ ಇಲ್ಲ. ಬೇಕಾಗದ ವಿದ್ಯೆ ಮರೆತುಹೋಯಿತು. 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ಕುಸಿಯಿತು. 1992ರಿಂದ ಹಂತಹಂತವಾಗಿ ಮಾರಾಟದ ಸ್ವಾತಂತ್ರ್ಯ ದೊರೆತು, 1996ರಲ್ಲಿ ಎಲ್ಲ ಬೆಳೆಗಾರರಿಗೂ ಪೂರ್ಣವಾಗಿ ದೊರೆಯಿತು.

ನಡುವೆ 1994ರಲ್ಲಿ ಬ್ರೆಜಿಲಿನ ಕಾಫಿ ಹಿಮಪಾತಕ್ಕೆ ಸಿಕ್ಕಿತು. ಜಗತ್ತಿನ ಬೆಲೆ ಗಗನಕ್ಕೇರಿತು. ಬಿಡುಗಡೆ ಹೊಂದಿದ ಬೆಳೆಗಾರನ ಕೈಗೆ ಹಿಂದೆಂದೂ ಕಾಣದ ಹಣ ಬಂದಿತು. ಎಲ್ಲಿಯೋ ಬಿದ್ದ ಹಿಮದಿಂದ ಬಂದ ಹಣವದು. ಅದನ್ನು ಪ್ರತಿವರ್ಷದ ವರಮಾನವೆಂದು ತಿಳಿದವರು ಆ ಲೆಕ್ಕದ ಮೇಲೆ ಮನೆ ಕಟ್ಟಿದರು, ತೋಟ ಕೊಂಡರು, ಸಾಲ ಎತ್ತಿದರು. ವಿಯೆಟ್ನಾಮಿನ ರೊಬಸ್ಟಾ ಮಾರುಕಟ್ಟೆಯನ್ನು ತುಂಬಿದಾಗ 2001-02ರಲ್ಲಿ ಜಾಗತಿಕ ಸರಾಸರಿ ಬೆಲೆ ಪೌಂಡಿಗೆ 50 ಅಮೆರಿಕನ್ ಸೆಂಟಿಗಿಂತ ಕೆಳಗಿಳಿಯಿತು. ಕೊಯ್ಲಿನ ಕೂಲಿಯೂ ಹುಟ್ಟದ ವರ್ಷಗಳವು. ಸಾಲಗಳನ್ನು ಮರುಹೊಂದಿಸಬೇಕಾಯಿತು, 2010ರಲ್ಲಿ ಕೇಂದ್ರ ಸರ್ಕಾರ ಸಣ್ಣ ಬೆಳೆಗಾರರಿಗೆ ಸಾಲ ಪರಿಹಾರದ ಯೋಜನೆಯನ್ನೇ ಪ್ರಕಟಿಸಬೇಕಾಯಿತು. ಆ ದಿನಗಳಲ್ಲಿ ಹಲವು ಮನೆಗಳ ಅಡುಗೆಯ ಖರ್ಚನ್ನು ತೂಗಿಸಿದುದು ನೆರಳಿನ ಮರಕ್ಕೆ ಹಬ್ಬಿದ ಕರಿಮೆಣಸು. ನೆರಳಿಗೆಂದು ಉಳಿಸಿದ ಮರವೇ ಎರಡನೆಯ ಬೆಳೆಗೂ ಊರುಗೋಲಾಗಿತ್ತು.

ಅನಂತರ ಚಕ್ರ ಮತ್ತೊಮ್ಮೆ ಮೇಲೆ ಬಂದಿತು. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ವಾಯಿದೆ ಮಾರುಕಟ್ಟೆಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರನ್ನು ದಾಟಿತು. ಇಂಥ ವರ್ಷಗಳಲ್ಲಿಯೇ ಮನೆತನಗಳ ಪರೀಕ್ಷೆ ನಡೆಯುವುದು. ಸಂಪತ್ತು ಕರಗುವುದು ಕೆಟ್ಟ ವರ್ಷದಲ್ಲಿ ಎಂದು ಕಾಣುತ್ತದೆ. ಆದರೆ ಅದರ ಬೀಜ ಬಿದ್ದಿರುವುದು ಒಳ್ಳೆಯ ವರ್ಷದಲ್ಲಿ.

ಮನೆಯ ಲೆಕ್ಕ

ಇದನ್ನು ಸರಳವಾದ ಲೆಕ್ಕದಿಂದ ತಿಳಿಯಬಹುದು. ಒಂದು ಕುಟುಂಬಕ್ಕೆ ಮೂರು ವರ್ಷಗಳಲ್ಲಿ ಕ್ರಮವಾಗಿ 10 ಲಕ್ಷ, 4 ಲಕ್ಷ, 1 ಲಕ್ಷ ರೂಪಾಯಿ ನಿವ್ವಳ ವರಮಾನ ಬಂದಿತೆಂದು ಇಟ್ಟುಕೊಳ್ಳೋಣ. ಒಟ್ಟು 15 ಲಕ್ಷ; ಸರಾಸರಿ 5 ಲಕ್ಷ. ಮೊದಲ ವರ್ಷದ ವರಮಾನವನ್ನೇ ಅಳತೆಯಾಗಿಸಿ ವರ್ಷಕ್ಕೆ 10 ಲಕ್ಷ ಖರ್ಚುಮಾಡಿದರೆ ಮೂರನೆಯ ವರ್ಷದ ಕೊನೆಗೆ 15 ಲಕ್ಷ ಸಾಲ ನಿಲ್ಲುತ್ತದೆ, ಬಡ್ಡಿ ಬೇರೆ. ಸರಾಸರಿಗಿಂತಲೂ ಕಡಿಮೆಯಾಗಿ 4 ಲಕ್ಷಕ್ಕೆ ನಿಂತರೆ 3 ಲಕ್ಷ ಉಳಿಯುತ್ತದೆ. ಎರಡೂ ಮನೆಗಳಿಗೆ ಬಂದ ಮಳೆ ಒಂದೇ, ಬಿಸಿಲು ಒಂದೇ, ಬೆಲೆ ಒಂದೇ. ನಡುವಣ 18 ಲಕ್ಷದ ಅಂತರ ಹುಟ್ಟಿದುದು ಮಾರುಕಟ್ಟೆಯಲ್ಲಿ ಅಲ್ಲ, ಮೊದಲ ವರ್ಷದಲ್ಲಿ ಮನಸ್ಸಿನೊಳಗೆ.

ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರ ‘ಯೋಗಶಾಸ್ತ್ರ’ದ ವ್ಯಾಖ್ಯಾನದಲ್ಲಿ ವರಮಾನವನ್ನು ನಾಲ್ಕು ಪಾಲು ಮಾಡುವ ಕ್ರಮ ಬಂದಿದೆ. ಒಂದು ಪಾಲು ನಿಧಿಗೆ, ಒಂದು ವ್ಯವಹಾರಕ್ಕೆ, ಒಂದು ಧರ್ಮಕ್ಕೂ ಸ್ವಂತ ಉಪಭೋಗಕ್ಕೂ, ಒಂದು ಆಶ್ರಿತರ ಪೋಷಣೆಗೆ. ಇಂದಿನ ತೆರಿಗೆ, ಶಿಕ್ಷಣ, ಚಿಕಿತ್ಸೆಗಳ ಖರ್ಚಿನಲ್ಲಿ ಕಾಲುಭಾಗದ ಲೆಕ್ಕವನ್ನು ಅಕ್ಷರಶಃ ನಡೆಸುವುದು ಕಷ್ಟವಾಗಬಹುದು. ಅದರ ತತ್ತ್ವ ಕಷ್ಟವಲ್ಲ: ನಿಧಿಯ ಪಾಲನ್ನು ಖರ್ಚಾದ ಮೇಲೆ ಉಳಿದುದರಿಂದ ತೆಗೆಯಬಾರದು, ಮೊದಲೇ ತೆಗೆಯಬೇಕು. ಅದನ್ನು ವ್ಯವಹಾರದ ಹಣದೊಡನೆ ಬೆರೆಸಬಾರದು. ಆಶ್ರಿತರು ಎಂಬುದರಲ್ಲಿ ಮನೆಯವರಷ್ಟೇ ಅಲ್ಲ, ಮನೆಗಾಗಿ ದುಡಿಯುವವರೂ ಸೇರುತ್ತಾರೆ.

ಧರ್ಮದತ್ತಿಗಳ ಆಡಳಿತಕ್ಕೂ ಇದೇ ನಿಯಮ ಇನ್ನಷ್ಟು ಕಟ್ಟುನಿಟ್ಟಾಗಿ ಅನ್ವಯಿಸುತ್ತದೆ. ಗೃಹಸ್ಥನು ತನ್ನ ಹಣದಲ್ಲಿ ಸಾಹಸ ಮಾಡಿದರೆ ನಷ್ಟ ಅವನದು. ಟ್ರಸ್ಟಿಯು ದೇವದ್ರವ್ಯದಲ್ಲಿ ಸಾಹಸ ಮಾಡಿದರೆ ನಷ್ಟ ಮುಂದಿನ ತಲೆಮಾರಿನದು. 1974ರ ಭೂಸುಧಾರಣಾ ತಿದ್ದುಪಡಿಯ ಅನಂತರ ಕರ್ನಾಟಕದ ಅನೇಕ ಬಸದಿ, ದೇವಾಲಯಗಳ ಗೇಣಿ ಜಮೀನು ಗೇಣಿದಾರರಿಗೆ ಸೇರಿತು. ಉಳುವವನಿಗೆ ಭೂಮಿ ದೊರೆತುದು ನ್ಯಾಯವೇ. ಆದರೆ ಎಲ್ಲ ಆದಾಯವನ್ನೂ ಗೇಣಿಯೊಂದರ ಮೇಲೆ ನಿಲ್ಲಿಸಿದ್ದ ಸಂಸ್ಥೆಗಳಲ್ಲಿ ನಿತ್ಯಪೂಜೆಗೂ ತೊಡಕಾಯಿತು. ಸಿಂಹಳದಲ್ಲಿ ಒಂದೇ ಬೆಳೆ, ಇಲ್ಲಿ ಒಂದೇ ಬಗೆಯ ಆದಾಯ. ಆಸ್ತಿಯ ಪಟ್ಟಿ, ಗಡಿಯ ನಕ್ಷೆ, ಬಾಡಿಗೆಯ ಕರಾರು, ಠೇವಣಿಯ ಅವಧಿ ಇವೆಲ್ಲ ಒಬ್ಬರ ನೆನಪಿನಲ್ಲಿ ಅಥವಾ ಒಬ್ಬರ ಮನೆಯ ಪೆಟ್ಟಿಗೆಯಲ್ಲಿ ಇರಬಾರದು. ಹತ್ತು ಜನರ ಸಾಕ್ಷಿಯಲ್ಲಿ ಇರಬೇಕು.

ಪರಿಗ್ರಹ ಪರಿಮಾಣವನ್ನು ತ್ಯಾಗದ ವ್ರತವೆಂದು ಮಾತ್ರ ತಿಳಿದವರು ಅದನ್ನು ವೃದ್ಧಾಪ್ಯಕ್ಕೆ ಮುಂದೂಡುತ್ತಾರೆ. ಪಾಲಿಬೆಟ್ಟದ ಇತಿಹಾಸವನ್ನು ನೋಡಿದರೆ ಅದು ರಕ್ಷಣೆಯ ವ್ರತವೂ ಹೌದೆಂದು ತಿಳಿಯುತ್ತದೆ. ಯೌವನದಲ್ಲಿಯೇ, ವರಮಾನ ಏರುತ್ತಿರುವಾಗಲೇ ಅದನ್ನು ಕೈಗೊಳ್ಳಬೇಕು. ಮಿತಿಯನ್ನು ಮೊದಲೇ ನಿಶ್ಚಯಿಸಿಕೊಂಡವನಿಗೆ ನೆರೆಯವನ ಲಾಭ ಕಂಡು ಬೆರಗಾಗುವ ಕಾರಣವಿಲ್ಲ. ಬೆರಗಿಲ್ಲದವನು ಸಾಲದ ಹೊರೆ ಹೊರುವುದಿಲ್ಲ. ಹೊರೆಯಿಲ್ಲದವನು ಆಳುಗಳನ್ನು ಹಿಂಡುವುದಿಲ್ಲ, ನೆರಳಿನ ಮರಕ್ಕೆ ಕೊಡಲಿ ಹಾಕುವುದಿಲ್ಲ. ಮಿತಿಗಿಂತ ಹೆಚ್ಚು ಬಂದುದು ದಾನಕ್ಕೆ ಸಲ್ಲುತ್ತದೆ.

ವೀರನಿರ್ವಾಣ ಸಂವತ್ಸರ ಆರಂಭವಾಗುವ ದೀಪಾವಳಿಯಂದು ಹೊಸ ಲೆಕ್ಕದ ಪುಸ್ತಕವನ್ನು ಪೂಜಿಸುವ ಸಂಪ್ರದಾಯ ವ್ಯಾಪಾರಿ ಮನೆಗಳಲ್ಲಿದೆ. ಆ ಪುಸ್ತಕದ ಮೊದಲ ಪುಟದಲ್ಲಿ, ಮಂಗಳಾಕ್ಷರಗಳ ಕೆಳಗೆ, ಮನೆಯ ಎಲ್ಲರೂ ಕುಳಿತು ಮೂರು ಸಾಲು ಬರೆಯುವುದು ಉಚಿತ: ಈ ವರ್ಷದ ಖರ್ಚಿನ ಮಿತಿ ಎಷ್ಟು, ಸಾಲದ ಮಿತಿ ಎಷ್ಟು, ದಾನದ ಪಾಲು ಎಷ್ಟು. ಹಿರಿಯರು, ಸೊಸೆಯಂದಿರು, ಬುದ್ಧಿ ಬಂದ ಮಕ್ಕಳು ಅದಕ್ಕೆ ಸಾಕ್ಷಿಗಳಾಗಲಿ. ಮುಂದಿನ ದೀಪಾವಳಿಯಂದು ಹೊಸ ಪುಸ್ತಕವನ್ನು ತೆರೆಯುವ ಮೊದಲು ಹಳೆಯ ಪುಸ್ತಕದ ಆ ಮೂರು ಸಾಲುಗಳನ್ನು ಎಲ್ಲರ ಮುಂದೆ ಓದಲಿ.